ಗೀಸರಿನ ಬಾಯಿಗೆ ಬೇವಿನ ಕಡ್ಡಿ

ಇಪ್ಪತ್ತೆರಡು ವರ್ಷಗಳಿಂದ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ‘ಕಾಯಿಸಿದರೆ ದ್ರವಗಳು ಹಿಗ್ಗುತ್ತವೆ’ ಎಂದು ಪ್ರತಿ ವರ್ಷವೂ ಬೋರ್ಡಿನ ಮೇಲೆ ಬರೆದು, ಕೆಳಗೆ ಗೆರೆ ಎಳೆದು, ತಪ್ಪಿದವರಿಂದ ಹತ್ತು ಸಲ ಬರೆಸಿದ್ದೇನೆ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ಒಪ್ಪಿಕೊಳ್ಳಲಿರುವ ತಪ್ಪಿನ ತೂಕ ನಿಮಗೆ ಸರಿಯಾಗಿ ಗೊತ್ತಾಗುತ್ತದೆ.

ಜೇವರ್ಗಿಯ ನಮ್ಮ ಮನೆಯ ಬಚ್ಚಲಿನ ಗೋಡೆಗೆ ಒಂದು ಗೀಸರ್ ಇದೆ. ತಣ್ಣೀರು ಒಳಗೆ ಹೋಗುವ ಪೈಪಿಗೆ ಹೆಬ್ಬೆರಳಿನಷ್ಟು ದಪ್ಪದ ಒಂದು ಹಿತ್ತಾಳೆ ವಾಲ್ವ್. ಈ ಚಳಿಗಾಲದಲ್ಲಿ ಅದರ ಪುಟ್ಟ ಬಾಯಿಂದ ಹನಿ ತೊಟ್ಟಿಕ್ಕತೊಡಗಿತು. ಭೀಮೆ ಹತ್ತಿರವೇ ಹರಿದರೂ ನಮ್ಮಲ್ಲಿ ನಳದ ನೀರು ಬರುವುದು ಅದಕ್ಕೆ ಮನಸ್ಸು ಬಂದಾಗ. ತರಕಾರಿ ತೊಳೆದ ನೀರು ತುಳಸಿಗೆ, ಪಾತ್ರೆ ಬೆಳಗಿದ ನೀರು ಬಾಳೆಗೆ ಎಂದು ಬೆಳೆದವಳು ನಾನು. ಹನಿ ಬಿದ್ದ ಸದ್ದು ನೇರ ಎದೆಗೇ ಬಡಿಯುತ್ತದೆ. ಪ್ಲಂಬರ್ ‘ನಾಳೆ ಬರ್ತೇನ್ರಿ’ ಎನ್ನುತ್ತ ನಾಲ್ಕು ನಾಳೆ ಕಳೆದ. ಐದನೆಯ ದಿನ ನಾನೇ ಸ್ಟೂಲು ಹತ್ತಿದೆ. ಅತ್ತೆ ಹಲ್ಲುಜ್ಜಲು ಕತ್ತರಿಸಿಟ್ಟ ಬೇವಿನ ಕಡ್ಡಿಗಳಲ್ಲಿ ಒಂದರ ತುದಿ ಕೆತ್ತಿ, ಆ ಬಾಯಿಗಿಟ್ಟು ಸುತ್ತಿಗೆಯಿಂದ ಬಡಿದೆ. ಹನಿ ನಿಂತಿತು. ಯಾರಿಗೂ ಹೇಳಲಿಲ್ಲ, ದೊಡ್ಡವರು ತಮ್ಮ ಸಾಧನೆಯನ್ನು ಸಾರಿಕೊಂಡು ತಿರುಗುವುದಿಲ್ಲ.

ಮರುದಿನ ಅತ್ತೆಯ ದೂರು ಶುರುವಾಯಿತು. “ಏ ಸುಮಂಗಲಾ, ನೀರು ಸಿಟ್ಟೀಲೆ ಬರಾಕತ್ತಾವ ನೋಡು. ನಳ ತಿರುವಿದ್ರ ಮಾರಿಗೆ ಉಗುಳತಾವ.”

ನಮ್ಮತ್ತೆಯ ದೂರುಗಳ ಬಗ್ಗೆ ಎರಡು ಮಾತು. ಮೊಸರು ಹುಳಿ, ಚಹಾ ಸಪ್ಪೆ, ಎದುರು ಮನೆಯ ಗೇಟಿನ ಕಿರುಗುಟ್ಟು. ಅವರು ಹೇಳುತ್ತಾರೆ, ನಾನು “ಹ್ಞೂಂ ಅತ್ತಿ, ನೋಡ್ತೇನ್ರಿ” ಎನ್ನುತ್ತೇನೆ, ಅಲ್ಲಿಗೆ ಇಬ್ಬರ ಕರ್ತವ್ಯವೂ ಮುಗಿಯುತ್ತದೆ. “ನನ್ನ ಬೇವಿನಕಡ್ಡ್ಯಾಗ ಒಂದು ಕಡಿಮಿ ಐತಿ” ಎಂದದ್ದಕ್ಕೂ ಹ್ಞೂಂ ಎಂದೆ. ಅಂದೋಲಾ ಊರಿನ ಅವರ ತವರಿನಲ್ಲಿ ನೀರು ಕಾಯಿಸುವ ತಾಮ್ರದ ಬಂಬ ಇತ್ತಂತೆ. ನಡುವೆ ಕೊಳವೆಯಲ್ಲಿ ಕೆಂಡ, ಸುತ್ತ ನೀರು, ಮೇಲೆ ಸಡಿಲಾದ ಮುಚ್ಚಳ. “ನಮ್ಮ ಬಂಬಿನ ನೀರು ಎಂದೂ ಹಿಂಗ ಮಾಡಿದ್ದಿಲ್ಲ,” ಎಂದು ಅತ್ತೆ ಒಂಬತ್ತು ದಿನ ಹೇಳಿದರು. ಬಾಯಿ ತೆರೆದ ಪಾತ್ರೆಯಲ್ಲಿ ಒತ್ತಡ ಕೂಡುವುದಿಲ್ಲ ಎಂಬುದು ಒಂಬತ್ತನೇ ತರಗತಿಯ ಪಾಠ. ಮನೆಯಲ್ಲಿ ಮಾತ್ರ ಅದು ಮುದುಕಿಯ ಗೊಣಗಾಟ.

ಭಾನುವಾರ ಬೆಳಿಗ್ಗೆ ಓಣಿಯ ಕಲ್ಲಪ್ಪ ಕಾಕಾ ಗಾಣಗಾಪುರದ ಪ್ರಸಾದ ಕೊಡಲು ಬಂದರು. ಆಳಂದ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ಕಾಯುತ್ತ ವಯಸ್ಸು ಕಳೆದವರು. ನಾವು ಕಿವಿಗೆ ಹಾಕಿಕೊಳ್ಳದ ದೂರನ್ನು ಅತ್ತೆ ಅವರ ಮುಂದೆ ಇಟ್ಟರು. ಕಾಕಾ ಪ್ರಸಾದ ಕೆಳಗಿಟ್ಟು, ಗೀಸರಿನ ಸ್ವಿಚ್ ಆರಿಸಿ, ಹಕೀಮರು ನಾಡಿ ಹಿಡಿದಂತೆ ಪೈಪು ಹಿಡಿದರು.

“ಕಾದಾಗ ಉಗುಳತಾವೋ, ತಣ್ಣಗಿದ್ದಾಗೋ, ಅಕ್ಕಾ?”

“ಕಾದಾಗ. ತಣ್ಣಗಿದ್ರ ಸಾದಾ ಬರ್ತಾವ.”

“ಎಂದಿನಿಂದ?”

“ನನ್ನ ಮಗ ಮಾಳಗಿ ಮ್ಯಾಲಿನ ಟಾಕಿಗೆ ಪಂಪ್ ಕುಂಡ್ರಿಸಿದ ಮ್ಯಾಲ ಹನಿ ಶುರು ಆತು. ಹನಿ ನಿಂತ ಮ್ಯಾಲ ಉಗುಳೋದು ಶುರು ಆತು.”

ನನ್ನ ವಿದ್ಯಾರ್ಥಿಗಳು ಪ್ರಯೋಗದ ವರದಿಯನ್ನು ಇಷ್ಟು ಅಚ್ಚುಕಟ್ಟಾಗಿ ಎಂದೂ ಬರೆದಿಲ್ಲ. ಕಾಕಾ ನನ್ನ ಕಡೆ ತಿರುಗಿದರು. “ನಮ್ಮ ಬಾಯ್ಲರಿಗೆ ಒತ್ತಡ ತೋರಿಸೋ ಗೇಜ್ ಇರ್ತಿತ್ರಿ, ಟೀಚರ್. ನಿಮ್ಮ ಗೀಸರಿಗಿಲ್ಲ. ನಿಮ್ಮ ಮನ್ಯಾಗ ಗೇಜ್ ಅಂದ್ರ ಇವ್ರೇ.”

ಆಮೇಲೆ ಬಿಡಿಸಿ ಹೇಳಿದರು. ಮೊದಲು ಕಾದು ಉಬ್ಬಿದ ನೀರು ಬಂದ ಪೈಪಿನಲ್ಲೇ ಟಾಕಿಯ ಕಡೆ ಹಿಂದೆ ಸರಿಯುತ್ತಿತ್ತು. ಪಂಪಿನ ಜೊತೆ ಕೂರಿಸಿದ ಒಮ್ಮುಖ ವಾಲ್ವ್ ಆ ದಾರಿ ಮುಚ್ಚಿತು. ಉಳಿದದ್ದು ಗೀಸರಿನ ಈ ವಾಲ್ವ್ ಒಂದೇ. ಹೆಚ್ಚಾದ ಒತ್ತಡವನ್ನು ಹನಿಹನಿಯಾಗಿ ಹೊರಗೆ ಬಿಡುವುದೇ ಅದರ ಕೆಲಸ. “ಹಂಗಾದ್ರ ಈಗ ಯಾಕ ಹನಿ ಬೀಳವಲ್ದು?” ಎನ್ನುತ್ತ ಸ್ಟೂಲು ಹತ್ತಿದರು.

ಇಕ್ಕಳದಲ್ಲಿ ಎಳೆದ ಕಡ್ಡಿಯನ್ನು ಅಂಗೈ ಮೇಲಿಟ್ಟು ಕಾಕಾ ಸಿಟ್ಟಾದರು. “ಯಾರ್ರಿ ಇದನ್ನ ಬಡದವ್ರು? ಶಾಖ ತಡಿಯೋ ಸ್ವಿಚ್ ಒಂದಿನ ಕೈ ಕೊಟ್ಟಿದ್ರ ಗೀಸರೇ ಸಿಡೀತಿತ್ತು. ಕೆಳಗ ದಿನಾ ಯಾರು ಕುಂತಿರ್ತಾರ?”

ಕೆಳಗೆ ಅತ್ತೆಯ ಮಣೆ ಇತ್ತು. ಬೆಳಿಗ್ಗೆ ಐದೂವರೆಗೆ, ಒಂಬತ್ತು ದಿನ, ನಾನು ಬಡಿದ ಬೆಣೆಯ ನೇರ ಕೆಳಗೆ ಕೂತು ಅವರು ಮೈಮೇಲೆ ನೀರು ಹಾಕಿಕೊಂಡಿದ್ದರು.

ಅತ್ತೆ ಕಡ್ಡಿ ನೋಡಿದರು. ತಮ್ಮದೆಂದು ಗುರುತು ಹತ್ತಿತು. ಒಮ್ಮೆ ನನ್ನ ಮುಖ ನೋಡಿ, ಸೆರಗು ಸರಿಮಾಡಿಕೊಂಡು ಹೇಳಿದರು: “ನಾನೇ ಬಡದೇನಿ. ನೀರು ಹಾಳಾಗಾಕತ್ತಿತ್ತು.”

ಬಾಗಿಲಲ್ಲಿ ನಿಂತಿದ್ದ ನಮ್ಮ ಯಜಮಾನರು ಸಿಡುಕಿದರು. “ಈ ವಯಸ್ಸಿನ್ಯಾಗ ಇಂಥ ಉಸಾಬರಿ ನಿನಗ ಯಾಕಬೇ ಯವ್ವಾ?” ಕಾಕಾ ಮೇಲಿನ ವಾಲ್ವ್ ನೋಡಿದರು, ಅತ್ತೆಯ ಬಾಗಿದ ಬೆನ್ನು ನೋಡಿದರು, ನನ್ನನ್ನು ನೋಡಿದರು. “ಗೇಜ್ ಸುಳ್ಳು ಹೇಳೋದು ಇದೇ ಮೊದಲನೇ ಸಲ ನೋಡಾಕತ್ತೇನಿ,” ಎಂದು ಗೊಣಗಿ ಕೆಳಗಿಳಿದರು.

ಗೀಸರಿಗೆ ಪಂಪ್ ತಪ್ಪಿಸಿ ಟಾಕಿಯಿಂದ ಬೇರೆ ಪೈಪು ಎಳೆಸಿ, ಹೊಸ ವಾಲ್ವ್ ಹಾಕಿಸಿದೆವು. ತಿಂಗಳಿಗೊಮ್ಮೆ ಅದರ ಹಿಡಿ ಎತ್ತಿ ನೀರು ಬಿಡಬೇಕೆಂದು ಕಾಕಾ ಕಲಿಸಿದ್ದಾರೆ. ಎತ್ತಿದಾಗಲೆಲ್ಲ ಅವರನ್ನು ನೆನೆಯುತ್ತೇನೆ.

ಅತ್ತೆಗೆ ಹೇಗೆ ಕೃತಜ್ಞತೆ ಹೇಳುವುದೋ ತಿಳಿಯಲಿಲ್ಲ. ಅಂದೇ ಸಂಜೆ ಚಹಾ ಕೊಟ್ಟು, “ಯಾಕ್ರಿ ಅತ್ತಿ, ಹಂಗ ಹೇಳಿದ್ರಿ?” ಎಂದೆ.

“ನಾ ಮುದುಕಿ, ಬೈದು ಮರೀತಾರ. ನೀ ಸಾಲ್ಯಾಗ ನಾಕು ಮಕ್ಕಳಿಗೆ ಕಲಿಸಾಕಿ,” ಎಂದರು. ಒಂದು ಗುಟುಕು ಕುಡಿದು ಮುಖ ಕಿವುಚಿದರು. “ಚಹಾ ಸಪ್ಪಗ ಐತಿ.”

ಹ್ಞೂಂ ಎನ್ನಲು ಹೋದವಳು ತಡೆದುಕೊಂಡೆ. ನನ್ನ ಕಪ್ಪೆತ್ತಿ ಕುಡಿದು ನೋಡಿದೆ. ಸಕ್ಕರೆಯನ್ನೇ ಹಾಕಿರಲಿಲ್ಲ.