ಹಾಜರಿ ಪುಸ್ತಕದ ಕೊನೆಯ ಸಾಲು

ಪುಸ್ತಕದಲ್ಲಿ ದಿನಕ್ಕೊಂದು ಕೃತಜ್ಞತೆ ಬರೆಯುವ ಅಭ್ಯಾಸ ಶುರುಮಾಡಿ ನಾಲ್ಕು ದಿನವಾಗಿತ್ತು. ನಾಲ್ಕೂ ದಿನ ಕಾಫಿಗೇ ಧನ್ಯವಾದ ಹೇಳಿದ್ದೆ.

ಐದನೆಯ ಸಂಜೆ ಒಂದು ಎಸ್ಟೇಟಿನಲ್ಲಿ ಕಾರ್ಮಿಕರ ಬಿ.ಪಿ. ನೋಡಿ ಮುಗಿಸಿ ಹೊರಟಿದ್ದೆ. ಹಾಜರಿ ಬರೆಯುವ ರೈಟರ್ ಗಂಗಮ್ಮ, ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿಸಿ ಬಂದವರ ಹೆಸರು ಕೂಗುತ್ತಿದ್ದರು. ಜಾನಕಿಯ ಹೆಸರಿಗೆ ಯಾರೂ ಓಗೊಡಲಿಲ್ಲ.

“ಸ್ವಲ್ಪ ಇರಿ ಮೇಡಂ,” ಗಂಗಮ್ಮ ನನ್ನನ್ನು ತಡೆದರು. “ಬೆಳಿಗ್ಗೆ ಆನೆ ಕೆಳಗಿನ ತೋಟದಲ್ಲೇ ಇತ್ತು. ನಿಮ್ಮ ಜೀಪ್ ಬೇಕಾಗ್ಬೋದು.”

ಇಪ್ಪತ್ತು ನಿಮಿಷ ಎಲ್ಲರೂ ತೋಟದ ದಾರಿ ನೋಡುತ್ತ ನಿಂತೆವು. ಆಮೇಲೆ ಜಾನಕಿ ತಲೆಯ ಮೇಲೆ ಸೌದೆ ಹೊತ್ತು ನಿಧಾನವಾಗಿ ಬಂದಳು.

“ಸೌದೆ ನಾಳೆ ಓಡಿಹೋಗ್ತಿತ್ತಾ?” ಗಂಗಮ್ಮ ಗದರಿದರು.

“ಆನೆ ದಾರೀಲಿ ನಿಂತಿತ್ತು ಅಕ್ಕ. ತಡವಾದ್ರೆ ನೀವು ಬೈತೀರಿ ಅಂದೆ, ಅದು ಕೇಳಲಿಲ್ಲ. ಸುತ್ತು ಹಾಕಿ ಬಂದೆ.”

ಗಂಗಮ್ಮ ಅವಳ ಹೆಸರಿಗೆ ಗುರುತು ಹಾಕಿ, ಪುಟದ ಕೆಳಗೆ ‘ಎಲ್ಲರೂ ಬಂದರು’ ಎಂದು ಬರೆದರು. ಹಿಂದಿನ ಪುಟಗಳಲ್ಲೂ ಕೊನೆಗೆ ಅದೇ ಸಾಲಿತ್ತು.

“ಹೀಗೆ ಬರೀಬೇಕು ಅಂತ ರೂಲ್ ಇದೆಯಾ?”

“ಇಲ್ಲ ಮೇಡಂ. ಇದು ಬರೆಯದೆ ನಂಗೆ ಊಟ ಸೇರಲ್ಲ.”

ಜೀಪಿನಲ್ಲಿ ನನ್ನ ಪುಸ್ತಕ ತೆಗೆದು ‘ಜಾನಕಿ ಬಂದಳು’ ಎಂದು ಬರೆದೆ. ಗಂಗಮ್ಮ ಕೊಟ್ಟ ಕಾಫಿಯೂ ಚೆನ್ನಾಗಿಯೇ ಇತ್ತು, ಅಂದು ಅದಕ್ಕೆ ಜಾಗ ಸಿಗಲಿಲ್ಲ.