ರೇಡಿಯೊ ತೊಳೆದಾಕಿ

ನಾನು ರೇಡಿಯೊವನ್ನು ಎರಡು ಥರ ಕೇಳಿದವನು. ಮೊದಲು ಮಾವನ ಹತ್ತಿರ ಬಾಯಿಬಿಟ್ಟು ಕೇಳಿದೆ, ಆಮೇಲೆ ಮನೆಗೆ ತಂದು ಕಿವಿಗೊಟ್ಟು ಕೇಳಿದೆ. ಎಪ್ಪತ್ತರ ದಶಕದ ಮೊದಲ ವರ್ಷಗಳು. ಜಹೀರಾಬಾದಿನ ಸರಕಾರಿ ಕಚೇರಿಯೊಂದರಲ್ಲಿ ನಾನು ಗುಮಾಸ್ತ. ಅಲ್ಲಿ ಫೈಲು ಉರ್ದುವಿನಲ್ಲಿ ಹುಟ್ಟಿ, ಇಂಗ್ಲಿಷಿನಲ್ಲಿ ಬೆಳೆದು, ತೆಲುಗಿನಲ್ಲಿ ಪ್ರಾಣ ಬಿಡುತ್ತಿತ್ತು. ಅದನ್ನು ಹೊತ್ತು ಕಪಾಟಿನಲ್ಲಿ ಮಣ್ಣು ಮಾಡುವ ನಾವು ನಮ್ಮ ನಮ್ಮಲ್ಲಿ ಕನ್ನಡ ಆಡುತ್ತಿದ್ದೆವು. ಇಂಥ ಕೆಲಸದವನಿಗೂ ಮದುವೆಯ ಪೇಟೆಯಲ್ಲಿ ಆಗ ಭಾರೀ ಕಿಮ್ಮತ್ತು. ನೌಕರಿಯ ವರ ಅಂದರೆ ಕೈಗಡಿಯಾರ, ಸೈಕಲ್ಲು, ರೇಡಿಯೊ ಕೇಳಬೇಕೆಂಬುದು ರಿವಾಜು. ಗಡಿಯಾರ ನನ್ನ ಹತ್ತಿರ ಇತ್ತು, ಸೈಕಲ್ಲು ಹೊಡೆಯಲು ಬರುತ್ತಿರಲಿಲ್ಲ. ಆದ್ದರಿಂದ ದೊಡ್ಡ ಮನಸ್ಸು ಮಾಡಿ ರೇಡಿಯೊ ಒಂದೇ ಸಾಕು ಅಂದೆ.

ಮಾವ ತಾಂಡೂರಿನ ಕಲ್ಲಿನ ಗಣಿಯಲ್ಲಿ ಮೇಸ್ತ್ರಿ. ಅವರ ಮನೆಗೆ ಕರೆಂಟೇ ಇರಲಿಲ್ಲ. ತಮ್ಮ ಮನೆಯಲ್ಲಿ ಯಾರೂ ಕಂಡಿರದ ಆ ಪೆಟ್ಟಿಗೆಯನ್ನು ಹೈದರಾಬಾದಿನಿಂದ ತೊಡೆಯ ಮೇಲೆ ಇಟ್ಟುಕೊಂಡು ತಂದು ಹಂದರದಲ್ಲಿ ನನಗೆ ಒಪ್ಪಿಸಿದರು. ಅವರ ಮಗಳು ಏಳನೆಯ ಇಯತ್ತೆಯವರೆಗೆ ಓದಿದ ಚುರುಕು ಹುಡುಗಿ. ಆ ರೇಡಿಯೊದಿಂದಾಗಿ ಅವಳಿಗೆ ತಿಳಿಗೇಡಿ ಎಂಬ ಹೆಸರು ಅಂಟಿತು. ಒಂಬತ್ತು ವರ್ಷ ಅಂಟಿಕೊಂಡೇ ಇತ್ತು. ಅಂಟಿಸಿದವನು ನಾನು.

ಮದುವೆಯಾದ ಮೇಲಿನ ಮೊದಲ ದಸರೆ. ಖಂಡೆ ಪೂಜೆಯ ದಿನ. ನಮ್ಮ ಕಡೆ ಅವತ್ತು ಯಾರ ಯಾರ ಹೊಟ್ಟೆಪಾಡಿಗೆ ಯಾವ ಯಾವ ಹತ್ಯಾರ ಇವೆಯೋ ಅವನ್ನೆಲ್ಲ ತಿಕ್ಕಿ ತೊಳೆದು ಪೂಜೆಗೆ ಇಡಬೇಕು. ರೈತರ ಮನೆಯಲ್ಲಿ ಕುಡಗೋಲು, ಕೊಡಲಿ, ನೇಗಿಲು. ಅವಳ ತವರಿನಲ್ಲಿ ಚಾಣ, ಸುತ್ತಿಗೆ, ಹಾರೆ. ಬೆಳಿಗ್ಗೆ ನಾನು ಕಚೇರಿಯ ಪೂಜೆಗೆ ಹೊರಟು ನಿಂತಾಗ ಅವಳು ಬಾಗಿಲಿಗೆ ಬಂದು ಕೇಳಿದಳು.

"ನಿಮ್ಮ ಖಂಡೆ ಯಾವುವ್ರಿ? ಏನೇನು ಇಡ್ಲಿ?"

ನನ್ನ ಹತ್ಯಾರ ಅಂದರೆ ಒಂದು ಪೆನ್ನು, ಅದೂ ಕಿಸೆಯಲ್ಲಿತ್ತು. ಹೊಸ ಹೆಂಡತಿಯ ಮುಂದೆ ಜಾಣನಾಗುವ ಚಟ ಬೇರೆ.

"ನಂದೊಂದೇ ಖಂಡೆ, ಆ ರೇಡಿಯೊ. ಛಂದಂಗ ತಿಕ್ಕಿ ತೊಳದು ಪೂಜಿಗೆ ಇಡು," ಅಂದೆ.

ಅಂದು, ನನ್ನ ವಿನೋದಕ್ಕೆ ನಾನೇ ನಕ್ಕು, ಕಚೇರಿಗೆ ನಡೆದೆ. ಅಲ್ಲಿ ರಬ್ಬರ್ ಮುದ್ರೆಗಳಿಗೆ ಕುಂಕುಮ ಹಚ್ಚಿ, ಟೈಪ್‌ರೈಟರಿಗೆ ಚಂಡು ಹೂವಿನ ಸರ ಹಾಕಿದೆವು. ಟೈಪ್‌ರೈಟರನ್ನು ಒದ್ದೆ ಬಟ್ಟೆಯಿಂದ ಒರೆಸೋಣವೇ ಎಂದು ಜವಾನ ಕೇಳಿದ್ದಕ್ಕೆ ಸಾಹೇಬರು, ಸರಕಾರಿ ಮಾಲಿಗೆ ನೀರು ಸೋಕಿಸಬೇಕಾದರೆ ಮೇಲಿನ ಮಂಜೂರಿ ಬೇಕು ಅಂದರು. ಕೆಲವು ಸಲ ಸರಕಾರವೇ ಬುದ್ಧಿವಂತ. ಮುಂದೆ ಹದಿನೈದು ದಿನ ನಮ್ಮ ಕಚೇರಿಯಿಂದ ಹೋದ ಪತ್ರಗಳ ಮೇಲೆಲ್ಲ ಕೆಂಪು ಮುದ್ರೆಯೇ ಬಿತ್ತು.

ಮಧ್ಯಾಹ್ನ ಮನೆಗೆ ಬಂದರೆ ಹೋಳಿಗೆಯ ಘಮ. ಅಂಗಳದ ನೆರಳಿನಲ್ಲಿ ಹೊರಸು. ಹೊರಸಿನ ಮೇಲೆ ರೇಡಿಯೊ, ಮುಖ ಕೆಳಗೆ ಮಾಡಿ ಓರೆಯಾಗಿ ಇಟ್ಟದ್ದು. ಹಗ್ಗದ ಸಂದಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ನನ್ನ ಮಾತನ್ನು ಅಕ್ಷರಕ್ಕಕ್ಷರ ನಡೆಸಿದ್ದಳು. ಹುಣಸೆ ಹಣ್ಣು ಹಚ್ಚಿ ಗುಂಡಿಗಳನ್ನು ತಿಕ್ಕಿ, ಕೂಸಿಗೆ ಎರೆದ ಹಾಗೆ ಎರಡು ಚೊಂಬು ನೀರು ಹೊಯ್ದು ಎರೆದಿದ್ದಳು. ಒಣಗಿದ ಮೇಲೆ ಹಚ್ಚಲೆಂದು ಒಂದು ತಟ್ಟೆಯಲ್ಲಿ ವಿಭೂತಿ, ಕುಂಕುಮ, ಒಂದು ಲಿಂಬೆಹಣ್ಣು ತಯಾರಿದ್ದವು. ಅಂಚೆಕಚೇರಿಯವರು ಕೊಟ್ಟಿದ್ದ ರೇಡಿಯೊ ಲೈಸೆನ್ಸಿನ ಪುಸ್ತಕವನ್ನು ಮಾತ್ರ ಜೋಪಾನವಾಗಿ ಗೂಡಿನಲ್ಲಿ ಇಟ್ಟಿದ್ದಳು. ಅದು ಕಾಗದ, ನೀರು ತಾಗಿದರೆ ಕೆಡುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಆಗ ನಾನು ಮಾಡಿದ್ದನ್ನು ಇವತ್ತು ಬರೆಯುವಾಗಲೂ ಕೈ ತಡೆಯುತ್ತದೆ. ರೇಡಿಯೊವನ್ನು ಎತ್ತಿಕೊಂಡು ಒಳಗೆ ಓಡಿದೆ. ಒಂದು ಸಲ ಅಂಗವಸ್ತ್ರದಿಂದ ಒರೆಸಿದೆ. ಬದುಕಿದೆಯೋ ಸತ್ತಿದೆಯೋ ನೋಡೋಣವೆಂದು ವೈರನ್ನು ಗೋಡೆಗೆ ಸಿಕ್ಕಿಸಿ ಗುಂಡಿ ತಿರುವಿದೆ. ದೀಪ ಹತ್ತಿತು. ಬದುಕಿದೆ ಎಂದು ನಾನು ಉಸಿರು ಬಿಡುವಷ್ಟರಲ್ಲಿ ಒಳಗೆ ಚಟ್ ಚಟ್ ಎಂದು ಸಿಡಿದು ಹಿಂದಿನಿಂದ ಹೊಗೆ ಬಂತು. ಮನೆಯ ಫ್ಯೂಜೂ ಹೋಯಿತು.

ವೈರು ಕಿತ್ತೆ. ಕಿಟಕಿ ತೆರೆದೆ. ಆಮೇಲೆ, ಕೇಳುವವರಿಗೆಲ್ಲ ಕೇಳಲಿ ಎಂಬಷ್ಟು ದೊಡ್ಡ ದನಿಯಲ್ಲಿ ಕೂಗಿದೆ. "ಏನ್ ಮಾಡಿಟ್ಟೀಯೇ ಇದಕ್ಕ!"

ಅವಳು ಕೈಗೆ ಹತ್ತಿದ ಕಣಕದ ಸಮೇತ ಒಲೆಯ ಮುಂದಿನಿಂದ ಎದ್ದು ಬಂದಳು. "ತೊಳದೀನ್ರಿ. ನೀವs ಹೇಳಿದ್ರಲ್ಲ?"

"ನಗಚಾಟಿಕಿ ಯಾವುದು, ಖರೇ ಯಾವುದು ತಿಳಿಯಂಗಿಲ್ಲೇನು ನಿನಗ?"

ಅವಳು ಒಮ್ಮೆ ನನ್ನನ್ನು, ಒಮ್ಮೆ ರೇಡಿಯೊವನ್ನು ನೋಡಿದಳು. ಮತ್ತೆ ಒಲೆಯ ಮುಂದೆ ಹೋಗಿ ಕೂತಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಹೇಗೆಂದು ನಾನು ಯಾರ ಹತ್ತಿರವೂ ಕಲಿಯಬೇಕಾಗಿರಲಿಲ್ಲ.

ನನ್ನ ಗದ್ದಲಕ್ಕೆ ಪಕ್ಕದ ಮನೆಯ ಹಳೇ ಪಟವಾರಿ ಬಂದರು. ನಿಜಾಮನ ಕಾಲದಿಂದ ಹೊಲದ ದಫ್ತರ ಬರೆದವರು. ಲೋಕದಲ್ಲಿ ಅವರಿಗೆ ಗೊತ್ತಿಲ್ಲದ ಸಂಗತಿ ಇರಲಿಲ್ಲ, ಗೊತ್ತಿದ್ದ ಸಂಗತಿಗಳಲ್ಲಿ ಸರಿಯಾದದ್ದು ಕಡಿಮೆ. "ಜ್ವಾಳದಾಗ ಹುಗೀರಿ. ಜ್ವಾಳ ನೀರ್ ಎಳಕೋತದ. ಮೂರು ದಿನಕ್ಕ ಹಾಡಾಕ ಹತ್ತತದ ನೋಡ್ರಿ," ಅಂದರು. ಹೆದರಿದವನಿಗೆ ಯಾರು ಏನು ಹೇಳಿದರೂ ವೇದ. ನಾರಾಯಣಖೇಡದಲ್ಲಿದ್ದ ನಮ್ಮ ಅವ್ವನ ಮನೆಯಿಂದ ಬಂದಿದ್ದ ಜೋಳದ ಚೀಲದಲ್ಲಿ ರೇಡಿಯೊವನ್ನು ಕುತ್ತಿಗೆಯವರೆಗೆ ಹುಗಿದೆವು. ಮೂರು ದಿನ ಕಾದೆವು. ಆ ಮೂರೂ ದಿನ ರೊಟ್ಟಿಗೆ ಜೋಳ ಬೇಕೆಂದರೆ ರೇಡಿಯೊ ಅಲುಗದ ಹಾಗೆ ಒಂದು ಮೂಲೆಯಿಂದ ತೋಡಿಕೊಳ್ಳಬೇಕಾಗಿತ್ತು.

ನಾಲ್ಕನೆಯ ದಿನ ಪೇಟೆಯ ರೇಡಿಯೊ ರಿಪೇರಿಯವರ ಹತ್ತಿರ ಒಯ್ದೆ. ವಯಸ್ಸಾದ ಸಾಬರು, ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು. ಹಿಂದಿನ ರಟ್ಟು ಬಿಚ್ಚಿ, ಪೆಟ್ಟಿಗೆಯನ್ನು ಓರೆ ಮಾಡಿದರು. ಪಾವು ಸೇರು ಜೋಳ ಸುರಿಯಿತು. ಅವರು ಒಂದು ಕಾಳನ್ನು ಎತ್ತಿ ಬೆಳಕಿಗೆ ಹಿಡಿದು, ಇದು ಯಾವ ಸ್ಟೇಷನ್ನು ಎಂದು ಕೇಳಿದರು. ಅಂಗಡಿಯಲ್ಲಿ ಕೂತವರೆಲ್ಲ ನಕ್ಕರು. ಆಮೇಲೆ ಮೂಗು ಹತ್ತಿರ ಒಯ್ದು ಮೂಸಿ, ಒಳಗೆ ಕಪ್ಪಾದ ಒಂದು ಸುರುಳಿಯನ್ನು ತೋರಿಸಿ, ನಡೆದದ್ದನ್ನು ಬಿಡದೆ ಹೇಳಿ ಎಂದರು. ನಾನು ತಗ್ಗಿದ ದನಿಯಲ್ಲಿ ಹೇಳಿದೆ.

"ಪಾನೀ ನೈ ಮಾರ್ಯಾ ಸಾಬ್. ತುಮೀಚ್ ಮಾರೇ," ಅಂದರು. ನೀರು ಕೊಂದದ್ದಲ್ಲ, ನೀವೇ ಕೊಂದದ್ದು.

ಕೈಯಲ್ಲಿ ಸ್ಪಿರಿಟ್ಟಿನ ಸೀಸೆ, ಒಂದು ಮೆತ್ತನೆಯ ಬ್ರಶ್ಶು ಹಿಡಿದು ಅವರು ಹೇಳಿದ್ದನ್ನು ನಾನು ಈ ವಯಸ್ಸಿನಲ್ಲೂ ಒಪ್ಪಿಸಬಲ್ಲೆ. ನೀರು ಬಿದ್ದ ಯಂತ್ರದ ವೈರು ಮೊದಲು ಕೀಳಬೇಕು. ಅದೂ ಒಣಗಿದ ಕೈಯಿಂದ. ನೀರು ಇಳಿಯುವ ಹಾಗೆ ಬಗ್ಗಿಸಿ ಇಡಬೇಕು. ನೆರಳಲ್ಲಿ ಗಾಳಿಗೆ ಬಿಡಬೇಕು, ಒಲೆಯ ಹತ್ತಿರ ಹಿಡಿಯಬಾರದು, ಬಿಸಿಲಿಗೂ ಇಡಬಾರದು. ಒಳಗೆ ತೊಳೆಯುವುದಿದ್ದರೆ ಸ್ಪಿರಿಟ್ಟಿನಿಂದ, ಅದು ಹಾರಿಹೋಗುತ್ತದೆ. ನಾಲ್ಕೈದು ದಿನ ಗುಂಡಿಗೆ ಕೈ ಹಚ್ಚಬಾರದು. ಜೋಳದ ಮಾತನ್ನು ಅವರು ಎತ್ತಲೇ ಇಲ್ಲ.

"ತೊಳದವರು ವೈರ್ ಕಿತ್ತಿದ್ರಾ?" ಎಂದು ಕನ್ನಡದಲ್ಲಿ ಕೇಳಿದರು.

"ಕಿತ್ತಿದ್ಲು."

"ಬಗ್ಗಿಸಿ ಇಟ್ಟಿದ್ರಾ?"

"ಹೂಂ. ನೆರಳಾಗ ಇಟ್ಟಿದ್ಲು."

"ಅವರಿಗಿ ಅಕಲ್ ಅದ," ಅಂದರು. ಬುದ್ಧಿಯಿದೆ ಎಂದು. ಯಾರಿಗೆ ಇಲ್ಲ ಎಂಬುದನ್ನು ಹೇಳುವ ಗೋಜಿಗೆ ಹೋಗಲಿಲ್ಲ. ನಾನು ಅವರಿಗೆ ಚಹಾ ತರಿಸಿದೆ. ಈ ಮಾತು ನಮ್ಮ ನಡುವೆ ಇರಲಿ ಎಂಬ ಅರ್ಥದ ಚಹಾ. ಅವರು ಕುಡಿದರು, ಯಾರಿಗೂ ಹೇಳಲಿಲ್ಲ. ಹೇಳಬೇಕಾಗಿದ್ದವನು ನಾನು.

ಮನೆಗೆ ಬಂದಾಗ ಅವಳು ಬಾಗಿಲಲ್ಲೇ ಕೇಳಿದಳು. "ಉಸ್ತಾದ್ ಏನ್ ಅಂದ್ರು?"

"ನೀರ್ ಹೊಕ್ಕಾದಂತ," ಅಂದೆ. ಸುಳ್ಳಲ್ಲ. ಗುಮಾಸ್ತರು ಸುಳ್ಳು ಬರೆಯುವುದಿಲ್ಲ, ಬೇಕಾದ ಹಾಳೆಯನ್ನು ಮಾತ್ರ ಫೈಲಿಗೆ ಹಚ್ಚುತ್ತಾರೆ.

ಸುದ್ದಿ ನನಗಿಂತ ಮುಂಚೆ ನಾರಾಯಣಖೇಡ ಮುಟ್ಟಿತು. ಅವ್ವ ತನ್ನ ಗೋಡೆ ಗಡಿಯಾರಕ್ಕೆ ಚಾವಿ ಕೊಡುವ ಕೆಲಸವನ್ನು ಸೊಸೆಗೆ ಒಪ್ಪಿಸುವವಳಿದ್ದಳು, ಬೇಡವೆಂದಳು. ನೆಂಟರು ಬಂದರೆ, "ರೇಡಿಯೊ ತೊಳೆದಾಕಿ ಈಕಿನೇ ಏನು?" ಎಂದು ಕೇಳಿ ತಮ್ಮ ಕೈಗಡಿಯಾರ ಕಿಸೆಗೆ ಹಾಕಿಕೊಳ್ಳುವರು. ಎಲ್ಲರೂ ನಗುವರು, ನಾನೂ ನಗುತ್ತಿದ್ದೆ. ಅವಳೂ ತುಸು ನಕ್ಕು ಒಳಗೆ ಹೋಗುತ್ತಿದ್ದಳು.

ಎಲ್ಲಕ್ಕಿಂತ ಕೆಟ್ಟದ್ದು ಮಾವ ಬಂದದ್ದು. ಗಣಿಯ ಕೆಲಸ ಬಿಟ್ಟು ತಾಂಡೂರಿನಿಂದ ಬಸ್ಸು ಹತ್ತಿ ಬಂದಿದ್ದರು. ಧೋತರದ ಮೇಲೆ ಕಲ್ಲಿನ ಧೂಳು ಇನ್ನೂ ಇತ್ತು. ನನ್ನ ಮುಂದೆ ನಿಂತು ಎರಡೂ ಕೈ ಜೋಡಿಸಿದರು. "ತಿಳಿಗೇಡಿ ಹುಡುಗಿ ಅದಾಳ್ರಿ ಅಳಿಯಂದ್ರೇ. ನಮ್ಮನ್ಯಾಗ ಇಂಥವೆಲ್ಲ ನೋಡಿಲ್ಲ. ಹೊಟ್ಯಾಗ ಹಾಕ್ಕೋರಿ," ಅಂದರು. ಅವಳು ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. "ಇರ್ಲಿ ಬಿಡ್ರಿ ಮಾವಾ, ಸಣ್ಣಾಕಿ," ಅಂದೆ. ಕ್ಷಮಿಸಿಬಿಟ್ಟೆ! ನನ್ನ ತಪ್ಪನ್ನು ಅವಳಿಗೆ ಹೊರಿಸಿ, ಅವಳ ಅಪ್ಪನ ಮುಂದೆ ಅವಳನ್ನು ಕ್ಷಮಿಸಿದ ಪುಣ್ಯಾತ್ಮ ನಾನು. ನಾಚಿಕೆ ಎಂಬುದು ಅವತ್ತೇ ಬಂತು, ಆದರೆ ಬಂದದ್ದು ಹೊಟ್ಟೆಯಲ್ಲೇ ಕೂತಿತು.

ರೇಡಿಯೊ ಎರಡು ತಿಂಗಳಿಗೆ ರಿಪೇರಿಯಾಗಿ ಬಂತು. ಹೈದರಾಬಾದಿನ ತೆಲುಗು ಸುದ್ದಿ ಚೆನ್ನಾಗಿ ಬರುತ್ತಿತ್ತು, ಕಲಬುರಗಿಯ ಕನ್ನಡ ಮಾತ್ರ ನೆಗಡಿಯಾದವರ ಹಾಗೆ. ರಾಜ್ಯ ಮರುವಿಂಗಡಣೆ ನಮ್ಮ ಮನೆಯ ರೇಡಿಯೊಗೂ ತಡವಾಗಿ ಮುಟ್ಟಿತು ಎಂದು ನಾನು ಕಚೇರಿಯಲ್ಲಿ ಜೋಕು ಹೊಡೆದೆ. ಅವಳು ಅದರ ಹತ್ತಿರ ಸುಳಿಯಲಿಲ್ಲ. ಹಾಡು ಕೇಳುವ ಆಸೆಯಾದರೆ ನಾನು ಕಚೇರಿಯಿಂದ ಬರುವವರೆಗೆ ಕಾಯುತ್ತಿದ್ದಳು.

ಹೀಗೇ ಒಂಬತ್ತು ವರ್ಷ. ಆಮೇಲೆ ತಾಂಡೂರಿನಲ್ಲಿ ಅವಳ ತಂಗಿಯ ಮದುವೆ. ಹೊಸ ಅಳಿಯನೂ ನೌಕರಿಯವನು, ಅವನಿಗೆ ಕೊಡಲು ಸೆಲ್ಲು ಹಾಕುವ ಸಣ್ಣ ಟ್ರಾನ್ಸಿಸ್ಟರು ತಂದಿದ್ದರು. ಹಂದರದಲ್ಲಿ ಯಾರೋ ಅದನ್ನು ಜಮಖಾನೆಯ ಮೇಲೆ ಬಿಟ್ಟಿದ್ದರು, ಪಕ್ಕದಲ್ಲೇ ನೀರಿನ ಕೊಡ. ಇವಳು ಅದನ್ನು ದೂರ ಸರಿಸಲೆಂದು ಎತ್ತಿದಳು. ಏಳು ವರ್ಷದ ನಮ್ಮ ಮಗಳು ಓಡಿಬಂದು ಅದನ್ನು ಕೈಯಿಂದ ಕಸಿದುಕೊಂಡಳು.

"ನೀ ಮುಟ್ಟಬ್ಯಾಡ ಅವ್ವಾ! ನಿನಗ ತಿಳಿಯಂಗಿಲ್ಲ!"

ಹಂದರಕ್ಕೆ ಹಂದರವೇ ನಕ್ಕಿತು. ಹೆತ್ತ ಮಗಳ ಬಾಯಲ್ಲಿ ಆ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ. ಜನ, ವರನಿಗೆ ಏನೋ ಉಡುಗೊರೆ ಓದಿಸುತ್ತಾನೆಂದು ತಿಳಿದು ಸುಮ್ಮನಾದರು. ನಡೆದದ್ದನ್ನೆಲ್ಲ ಹೇಳಿದೆ. ತೊಳಿ ಅಂದವನು ನಾನು, ಅವಳು ಸರಿಯಾಗಿ ನೀರು ಬಸಿಯಲು ಇಟ್ಟಿದ್ದಳು, ಒದ್ದೆಯಲ್ಲೇ ಗುಂಡಿ ತಿರುವಿ ಸುಟ್ಟವನು ನಾನು, ಉಸ್ತಾದ್ ಹಾಗೆಂದೇ ಹೇಳಿದ್ದರು, ಇಷ್ಟು ವರ್ಷ ಮುಚ್ಚಿಟ್ಟೆ.

ಆಮೇಲೆ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ನೋಡ್ರೆವ್ವಾ, ಹೆಂಡತಿ ಮಾನ ಕಾಯಾಕ ಎಲ್ಲಾ ತನ್ನ ಮ್ಯಾಲ ಹಾಕ್ಕೊಂಡ. ಯಾರಿಗಿ ಸಿಗ್ತಾನ ಇಂಥ ಗಂಡ!" ಅಂದರು. ಮಾವ ಬಂದು ನನ್ನ ಬೆನ್ನು ಸವರಿದರು. ನಾರಾಯಣಖೇಡದಿಂದ ಬಂದಿದ್ದ ಅವ್ವ, "ನನ್ನ ಮಗ ಸಣ್ಣಾಂವ ಇದ್ದಾಗಿಂದ ಹಿಂಗs," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಖರೇ ಖರೇ ಎಂದು ನಾನು ಎಷ್ಟು ಒತ್ತಿ ಹೇಳಿದರೆ ಅಷ್ಟು ದೊಡ್ಡವನಾಗುತ್ತ ಹೋದೆ. ಇಂಥ ದೇವರಂಥವನ ರೇಡಿಯೊ ತೊಳೆದಳಲ್ಲ ಎಂದು ಅವಳು ಇನ್ನೂ ಸಣ್ಣವಳಾದಳು. ಹೊಸ ಅಳಿಯನಿಗೆ ಹಿರಿಯರೊಬ್ಬರು, ಗಂಡನಾದವನು ಇವರನ್ನು ನೋಡಿ ಕಲಿಯಬೇಕು ಎಂದು ಬುದ್ಧಿ ಹೇಳಿದರು.

ಮರುದಿನ ಜಹೀರಾಬಾದಿನ ಬಸ್ಸಿನಲ್ಲಿ ಮಗಳು ನಿದ್ದೆ ಹೋದ ಮೇಲೆ ನಾನು ಹೆಂಡತಿಯನ್ನು ಕೇಳಿದೆ. "ಮಂದಿ ನಂಬಲಿಲ್ಲ, ಹೋಗ್ಲಿ. ನೀನರ ನಂಬೀಯೇನು?"

"ನಾ ಏನ್ ನಂಬೂದದರಿ? ಅವತ್ತ ನೀವು ಗುಂಡಿ ತಿರುವೂದು ಒಲಿ ಮುಂದ ಕುಂತು ನೋಡೀನಲ್ಲ. ತೊಳದ್ರ ಯಾವ ವಸ್ತುವರ ಸುಡ್ತದೇನು?"

"ಮತ್ಯಾಕ ಹೇಳಲಿಲ್ಲ ಇಷ್ಟ್ ವರ್ಷ? ನಿಮ್ಮಪ್ಪ ಕೈ ಮುಗಿದಾಗರ ಹೇಳಬೇಕಿಲ್ಲ?"

"ನೀವು ಹೇಳ್ತೀರಿ ಅಂತ ಬಾಗಿಲಾಗ ನಿಂತಿದ್ದೆ," ಅಂದಳು. ಮಗಳ ತಲೆಯನ್ನು ತೊಡೆಯ ಮೇಲೆ ಸರಿಮಾಡಿ ಮತ್ತೆ ಅಂದಳು. "ನಿನ್ನಿ ಅಷ್ಟ್ ಮಂದಿ ಮುಂದ ಹೇಳೂದು ಬ್ಯಾಡಾಗಿತ್ರಿ. ಅವತ್ತ ಮನ್ಯಾಗ ನನಗೊಬ್ಬಾಕಿಗಿ ಹೇಳಿದ್ರ ಸಾಕಾಗಿತ್ತು."

ಕಂಡಕ್ಟರ್ ಬಂದು ಟಿಕೆಟ್ ಕೇಳಿದ. ಟಿಕೆಟ್ ಅವಳ ಹತ್ತಿರ ಇತ್ತು, ತೆಗೆದು ತೋರಿಸಿದಳು.