ಮಳೆಗೆ ಹೆದರದ ಕ್ಯಾಮೆರಾ

ನಮ್ಮ ಮಾವನವರನ್ನು ಬೀದಿಯವರು ಕರೆಯುತ್ತಿದ್ದುದು ‘ಎಂಟು ಗಂಟೆ’ ಎಂದು. ಮದುವೆಯಾದ ಹೊಸದರಲ್ಲಿ ಗಂಡನ ಅಪ್ಪನಿಗೆ ಇಂಥದ್ದೊಂದು ಅಡ್ಡಹೆಸರಿದೆ ಎಂದು ತಿಳಿದಾಗ ನನಗೆ ನಗು ತಡೆಯಲಾಗಿರಲಿಲ್ಲ. ಆದರೆ ಹೆಸರಿನಲ್ಲಿ ಸುಳ್ಳೇನೂ ಇರಲಿಲ್ಲ. ಮೂವತ್ತೊಂದು ವರ್ಷ ಅವರು ದಿನಾ ಬೆಳಿಗ್ಗೆ ಸರಿಯಾಗಿ ಎಂಟಕ್ಕೆ ಹೊಳೆಯ ಮೆಟ್ಟಿಲ ಮೇಲೆ ನಿಂತು, ನೀರಿನಲ್ಲಿ ನೆಟ್ಟ ಅಳತೆಯ ಕಂಬವನ್ನು ನೋಡಿ, ನೀರು ಎಷ್ಟು ಮೀಟರ್ ಇದೆ ಎಂದು ಪುಸ್ತಕದಲ್ಲಿ ಬರೆದರು. ಅದೇ ಅವರ ಸರ್ಕಾರಿ ನೌಕರಿ. ಜ್ವರ ಬಂದರೂ ಹೋದರು, ಮಗನ ಮದುವೆಯ ದಿನವೂ ಹೋದರು. ನಮ್ಮ ಮದುವೆಯ ಫೋಟೋದಲ್ಲಿ ಎಲ್ಲರೂ ಮಿರಮಿರ ಮಿಂಚುತ್ತಿದ್ದಾರೆ, ಮಾವನ ಪ್ಯಾಂಟು ಮಾತ್ರ ಮೊಣಕಾಲಿನವರೆಗೆ ಒದ್ದೆಯಾಗಿದೆ.

ಮಾತು ಕಡಿಮೆ. ಆಡಿದ ನಾಲ್ಕು ಮಾತೂ ಅಳತೆಯದ್ದೇ. “ಕಾಫಿ ಇನ್ನು ಸ್ವಲ್ಪ ಹಾಕ್ಲಾ ಮಾವ?” ಎಂದರೆ “ಸ್ವಲ್ಪ ಅಂದ್ರೆ ಎಷ್ಟಮ್ಮ?” ಎಂದು ಕೇಳುವ ಮನುಷ್ಯ. ತಮಾಷೆಗೆ ಕೇಳುತ್ತಾರೆಂದು ಮೊದಲು ಅಂದುಕೊಂಡಿದ್ದೆ. ತಮಾಷೆಯಲ್ಲ. ಯಾರಾದರೂ ಏನಾದರೂ ಹೇಳಿದರೆ ಅದು ಹಾಗೇ ಇರುತ್ತದೆ ಎಂದು ನಂಬುವುದು ಅವರ ಸ್ವಭಾವ, ಅಷ್ಟೆ.

ಇನ್ನು ನಾನು. ನನ್ನದು ಕ್ಯಾಮೆರಾ ರಿಪೇರಿ ಕೆಲಸ. ಪೇಟೆಯ ಒಂದು ಅಂಗಡಿಯ ಹಿಂಭಾಗದಲ್ಲಿ ನನ್ನ ಮೇಜು, ಅದರ ಮೇಲೊಂದು ದೀಪ, ಬೆರಳುದ್ದದ ಸ್ಕ್ರೂಡ್ರೈವರುಗಳು, ಬಿಚ್ಚಿದ ಸ್ಕ್ರೂಗಳನ್ನು ಸಾಲಾಗಿ ಇಡಲು ಮೊಟ್ಟೆ ಇಡುವ ರಟ್ಟಿನ ಟ್ರೇ. ಬಂದ ಗಿರಾಕಿಗಳು ನನ್ನ ತಲೆಯ ಮೇಲಿಂದ ಇಣುಕಿ “ಮೆಕ್ಯಾನಿಕ್ ಇಲ್ವಾ?” ಎನ್ನುತ್ತಾರೆ. “ನಿಮ್ಮ ಕಣ್ಣೆದುರಿಗೇ ಕೂತಿದಾರಲ್ಲ” ಎನ್ನುತ್ತೇನೆ. ನಾಲಿಗೆ ಸ್ವಲ್ಪ ಚುರುಕು ಎಂದು ನಮ್ಮ ಅಂಗಡಿ ಯಜಮಾನರ ದೂರು. ಎಷ್ಟು ಸ್ವಲ್ಪ ಎಂದು ಅವರು ಹೇಳಿಲ್ಲ.

ಕೆಲವು ವರ್ಷಗಳ ಹಿಂದೆ ಮಾವನ ಆಫೀಸಿನವರು ಹೊಸ ನಿಯಮ ತಂದರು. ಅಳತೆ ಬರೆದರೆ ಸಾಲದು, ಕಂಬದ ಫೋಟೋ ಕೂಡ ತೆಗೆಯಬೇಕು. ಅದಕ್ಕೆಂದು ಅಂಗೈಯಗಲದ ಒಂದು ಕ್ಯಾಮೆರಾ ಕೊಟ್ಟರು. ಮೊದಲ ಮಳೆಗಾಲದಲ್ಲೇ ಅದು ಕಣ್ಣು ಮುಚ್ಚಿತು. ಇನ್ನೊಂದು ಕೊಟ್ಟರು, ಮರುವರ್ಷ ಅದೂ ಹೋಯಿತು. ಸತ್ತ ಕ್ಯಾಮೆರಾಗಳನ್ನು ಮಾವ ಕರವಸ್ತ್ರದಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟು, ಡಾಕ್ಟರ ಮುಂದೆ ನಿಂತವರ ಹಾಗೆ ನಿಲ್ಲುತ್ತಿದ್ದರು. ನೋಡಿ ನೋಡಿ ನನಗೇ ಸಾಕಾಯಿತು.

ಆಗ ಅಂಗಡಿಗೆ ಯಾರೋ ಮಾರಿಹೋದ ಹಳೆಯ ಡಿಎಸ್ಎಲ್ಆರ್ ಒಂದು ಬಂತು. ಅದೂ ನಮ್ಮ ಹಾಗೆ ಮಧ್ಯಮ ವರ್ಗದ್ದು. ಶ್ರೀಮಂತ ಕ್ಯಾಮೆರಾಗಳ ಗತ್ತಿಲ್ಲ, ಆದರೆ ಮರ್ಯಾದಸ್ಥ ಮನೆತನ. ಒಡಲಿನ ಕೀಲು ಕೀಲಿಗೂ, ಗುಂಡಿ ಗುಂಡಿಗೂ ಒಳಗೆ ರಬ್ಬರ್ ಪಟ್ಟಿ. ಮಳೆಯ ಹನಿಯಾಗಲಿ ಧೂಳಾಗಲಿ ಒಳಗೆ ನುಸುಳುವಂತಿಲ್ಲ. ನಾನೇ ಬಿಚ್ಚಿ, ಒರೆಸಿ, ಜೋಡಿಸಿ, ಮನೆಗೆ ತಂದು ಮಾವನ ಕೈಗಿಟ್ಟೆ.

ಅವರು ಎರಡೂ ಕೈಯಲ್ಲಿ ಹಿಡಿದು ತೂಗಿ ನೋಡಿದರು. “ಮಳೇಲಿ?” ಎಂದರು.

“ಇದು ಮಳೆಗೆ ಹೆದರಲ್ಲ ಮಾವ. ಕಣ್ಣು ಮುಚ್ಕೊಂಡು ತಗೊಂಡ್ಹೋಗಿ.”

ಅಲ್ಲಿ ನಾನೊಂದು ಮಾತು ನುಂಗಿದೆ. ಒಡಲಿಗೆ ರಬ್ಬರ್ ಇತ್ತು ನಿಜ. ಅದರ ಜೊತೆ ಬಂದ ಲೆನ್ಸಿಗೆ ಇರಲಿಲ್ಲ. ಇಂಥ ಕ್ಯಾಮೆರಾಗಳ ದೊಡ್ಡ ಕೊರತೆಯೇ ಅದು: ಮನೆಗೆ ಗಟ್ಟಿ ಗೋಡೆ ಕಟ್ಟಿ, ಬಾಗಿಲಿಗೆ ಪರದೆ ಬಿಟ್ಟ ಹಾಗೆ. ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅತ್ತೆ ತೀರಿಕೊಂಡ ಎರಡು ವರ್ಷದ ಮೇಲೆ ಮೊದಲ ಸಲ ಮಾವನ ಮುಖ ಅರಳಿತ್ತು. ಆ ಹೊತ್ತಿನಲ್ಲಿ ‘ಆದರೆ’ ಎನ್ನಲು ಬಾಯಿ ಬರಲಿಲ್ಲ. ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಆ ಆಮೇಲೆ ಬರಲೇ ಇಲ್ಲ.

ಮೂರು ವರ್ಷ ಮಾವ ಮತ್ತು ಆ ಕ್ಯಾಮೆರಾ ಅನ್ಯೋನ್ಯವಾಗಿದ್ದರು. ಒಮ್ಮೆ ಚಾರ್ಜ್ ಮಾಡಿದರೆ ಬ್ಯಾಟರಿ ತಿಂಗಳುಗಟ್ಟಲೆ ಬರುತ್ತಿತ್ತು. ಗುಂಡಿಗಳು ದಪ್ಪಗಿದ್ದುದರಿಂದ ಒದ್ದೆ ಬೆರಳಿಗೂ ಸಿಗುತ್ತಿದ್ದವು. ಕಿಂಡಿಗೆ ಕಣ್ಣಿಟ್ಟರೆ ಕಡುಬಿಸಿಲಿನಲ್ಲೂ ಕಂಬದ ಗೆರೆಗಳು ಎಣಿಸುವಷ್ಟು ಸ್ಪಷ್ಟ. ಮಾವನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅದರ ಸದ್ದು. “ಟಕ್ ಅಂತು ಅಂದ್ರೆ ಕೆಲಸ ಆಯ್ತು ಅಂತ” ಎನ್ನುತ್ತಿದ್ದರು. ಕೊರತೆಗಳೂ ಇದ್ದವು. ಭಾರಕ್ಕೆ ಕತ್ತಿನ ಮೇಲೆ ಪಟ್ಟಿಯ ಕೆಂಪು ಬರೆ ಬೀಳುತ್ತಿತ್ತು. ಬೂದು ನೀರು, ಬೂದು ಆಕಾಶ ಎರಡೂ ಸೇರಿದ ದಿನ ಅದಕ್ಕೆ ಎಲ್ಲಿ ನೋಡಬೇಕೆಂದೇ ತಿಳಿಯದೆ ಗೊರಗೊರ ತಡಕಾಡುತ್ತಿತ್ತು. ಕ್ಯಾಮೆರಾದ ಬೆನ್ನ ಮೇಲಿನ ಪರದೆ ಮಡಚುವಂಥದ್ದಲ್ಲವಾದ್ದರಿಂದ ಬೇಸಿಗೆಯಲ್ಲಿ ನೀರು ಇಳಿದಾಗ ಮಾವ ಕೊನೆಯ ಮೆಟ್ಟಿಲಿನಲ್ಲಿ ಮಂಡಿಯೂರಬೇಕಾಗುತ್ತಿತ್ತು. ಫೋಟೋ ಕಳಿಸಬೇಕೆಂದರೆ ಕಾರ್ಡು ತೆಗೆದು ಕೈಯಾರೆ ಆಫೀಸಿಗೆ ಒಯ್ಯಬೇಕು. “ಈ ಕಾಲದಲ್ಲೂ ಇಂಥ ಗೋಳಾ?” ಎಂದು ನನ್ನ ಗಂಡ ಮೂಗು ಮುರಿದರೆ, ಮಾವ “ಆಫೀಸೇನು ದೂರ ಇಲ್ಲ, ಸಾವಿರದ ಇನ್ನೂರು ಹೆಜ್ಜೆ” ಎಂದರು.

ಕ್ಯಾಮೆರಾ ಬಂದ ಹೊಸದರಲ್ಲೇ ಬಚ್ಚಲುಮನೆಯ ಮೊಳೆಯಲ್ಲಿ ತೂಗುತ್ತಿದ್ದ ಅತ್ತೆಯ ಸ್ನಾನದ ಟೊಪ್ಪಿ ಕಾಣೆಯಾಯಿತು. ತಲೆಕೂದಲು ನೆನೆಯದ ಹಾಗೆ ಹಾಕಿಕೊಳ್ಳುವ, ಅಂಚಿಗೆ ಎಲಾಸ್ಟಿಕ್ ಇರುವ, ಹಳದಿ ಹೂವಿನ ಪ್ಲಾಸ್ಟಿಕ್ ಟೊಪ್ಪಿ. ಅತ್ತೆ ಹೋದ ಮೇಲೂ ಅದನ್ನು ತೆಗೆಯಲು ಯಾರಿಗೂ ಮನಸ್ಸಾಗಿರಲಿಲ್ಲ. ಗಂಡನೇ ಎಸೆದಿರಬೇಕೆಂದು ನಾನು ಅವನ ಮೇಲೆ ಹರಿಹಾಯ್ದೆ. “ದೇವರಾಣೆ ನಾನಲ್ಲ ಮಾರಾಯ್ತಿ” ಎಂದು ಅವನು ಎಷ್ಟು ಹೇಳಿದರೂ ಕೇಳಲಿಲ್ಲ. ಎರಡು ದಿನ ಮಾತು ಬಿಟ್ಟೆ. ಮಾವ ಪೇಪರ್ ಓದುತ್ತಲೇ ಕುಳಿತಿದ್ದರು.

ಮಾವನ ನಿವೃತ್ತಿಗೆ ಹನ್ನೊಂದು ದಿನ ಇರುವಾಗ ಆ ಮಳೆ ಬಂತು. ಮೂರು ದಿನ ಬಿಟ್ಟೂಬಿಡದೆ ಹೊಯ್ದಿತು. ಮೂರನೆಯ ಬೆಳಿಗ್ಗೆ ಹೊಳೆ ಕೆನ್ನೀರಾಗಿ ಮೇಲಿನ ಮೆಟ್ಟಿಲುಗಳನ್ನೂ ಮುಳುಗಿಸಿತ್ತು. ಮಾವ ಎಂದಿನಂತೆ ಹೋಗಿ, ಕಂಬ ನೋಡಿ, ಏಳು ಮೀಟರ್ ನಲವತ್ತೆರಡು ಎಂದು ಬರೆದು, ಫೋಟೋ ತೆಗೆದು, ಕಾರ್ಡು ಆಫೀಸಿಗೆ ಕೊಟ್ಟು ಬಂದರು. ಅಷ್ಟೊಂದು ನೀರನ್ನು ಆ ಪುಸ್ತಕ ಎಂದೂ ಕಂಡಿರಲಿಲ್ಲ.

ಮರುದಿನ ಮನೆಗೆ ಬಂದವರು ಕುರ್ಚಿಯಲ್ಲಿ ಕುಳಿತು, ಕಾಫಿ ಆರಿಹೋಗುವವರೆಗೂ ಲೋಟ ಮುಟ್ಟಲಿಲ್ಲ.

“ಏನಾಯ್ತು ಮಾವ?”

“ಫೋಟೋ ಎಲ್ಲಾ ಬೆಳ್ಳಗೆ ಬಂದಿದೆ. ಹೊಗೆ ತುಂಬಿದ ಹಾಗೆ. ಕಂಬ ಕಾಣಲ್ಲ.” ಆರಿದ ಲೋಟವನ್ನು ಪಕ್ಕಕ್ಕೆ ಸರಿಸಿ ಹೇಳಿದರು: “ಮೇಲಿನ ಸೇತುವೆ ಹತ್ರ ಹೊಸ ಯಂತ್ರ ಹಾಕಿದಾರಲ್ಲ, ಅದು ಆರು ತೊಂಬತ್ತು ಅಂತ ತೋರಿಸ್ತಂತೆ. ಹೊಸ ಇಂಜಿನಿಯರು ನನ್ನ ಲೆಕ್ಕದ ಪಕ್ಕ ಕೆಂಪು ಇಂಕಲ್ಲಿ ಬರೆದ್ರು.”

“ಏನಂತ?”

“ಸಂಶಯಾಸ್ಪದ.”

ಆ ಒಂದು ಪದವನ್ನು ಅವರು ಅಕ್ಷರ ಬಿಡಿಸಿ ಓದಿದ ಹಾಗೆ ಹೇಳಿದರು. ಮೂವತ್ತೊಂದು ವರ್ಷದ ಪುಸ್ತಕಗಳಲ್ಲಿ ಅಂಥ ಪದ ಒಂದು ಕಡೆಯೂ ಇರಲಿಲ್ಲ. ಇನ್ನು ಎಂಟು ದಿನಕ್ಕೆ ಪುಸ್ತಕ ಒಪ್ಪಿಸಿ ಮನೆಗೆ ಬರಬೇಕಾದವರು, ತಮ್ಮ ಅತಿ ದೊಡ್ಡ ಅಳತೆಯ ಪಕ್ಕ ಆ ಪದ ಹೊತ್ತು ಬರಬೇಕು. ಹೊಗೆ ಎಲ್ಲಿಂದ ಬಂತೆಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ ಎಂದು ಅಂದುಕೊಂಡೆ.

ಕ್ಯಾಮೆರಾವನ್ನು ಅಂಗಡಿಗೆ ಒಯ್ದು ಬಿಚ್ಚಿದೆ. ಒಡಲೊಳಗೆ ಒಂದು ಹನಿಯಿಲ್ಲ, ಒಣಗಿ ಗರಿಗರಿ. ಲೆನ್ಸ್ ಬಿಚ್ಚಿದೆ. ಒಳಗಾಜಿನ ಮೇಲೆ ಸಣ್ಣ ಸಣ್ಣ ಹನಿಗಳು ಬೆವರಿನಂತೆ ಕೂತಿದ್ದವು. ದೀಪದ ಕೆಳಗೆ ಅವನ್ನು ನೋಡುತ್ತ ನನ್ನ ಮೇಲೆ ನನಗೇ ಅಸಹ್ಯವಾಯಿತು. ಗಿರಾಕಿಗಳಿಗೆ ಬಾಯಿಗೆ ಬಂದಂತೆ ಉತ್ತರ ಕೊಡುವ ನಾಲಿಗೆ, ಹೇಳಬೇಕಾದ ಒಂದೇ ಮಾತಿಗೆ ಮೂರು ವರ್ಷ ಸುಮ್ಮನಿತ್ತು.

ಸಂಜೆ ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ. “ಮಾವ, ತಪ್ಪು ನಿಮ್ಮದಲ್ಲ, ನಂದು. ಲೆನ್ಸಿಗೆ ರಬ್ಬರ್ ಇಲ್ಲ. ನಂಗೆ ಮೊದಲೇ ಗೊತ್ತಿತ್ತು. ಹೇಳ್ಲಿಲ್ಲ.”

“ಗೊತ್ತು” ಎಂದರು ಮಾವ.

“ಏನು ಗೊತ್ತು?”

ಅವರು ಎದ್ದುಹೋಗಿ ಕಪಾಟಿನಿಂದ ಕ್ಯಾಮೆರಾದ ಜೊತೆ ಬಂದಿದ್ದ ಕೈಪಿಡಿ ತಂದರು. ನಾನಂತೂ ಅದನ್ನು ಎಂದೂ ತೆರೆದಿರಲಿಲ್ಲ. ಮೆಕ್ಯಾನಿಕ್ಕುಗಳು ಕೈಪಿಡಿ ಓದುವುದುಂಟೆ! ಮೊದಲ ಪುಟದಿಂದ ಕೊನೆಯ ಪುಟದವರೆಗೂ ಪೆನ್ಸಿಲಿನ ಗುರುತುಗಳಿದ್ದವು. ಲೆನ್ಸಿನ ಪುಟದಲ್ಲಿ ‘ಮಳೆಯಲ್ಲಿ ಬಳಸಬಾರದು’ ಎಂಬ ಅರ್ಥದ ಸಾಲಿನ ಕೆಳಗೆ ನೆಟ್ಟಗೆ ಒಂದು ಗೆರೆ.

“ತಂದುಕೊಟ್ಟ ವಾರಾನೇ ಓದಿದ್ದೆ” ಎಂದರು.

“ಮತ್ತೆ ಮೂರು ಮಳೆಗಾಲ ಹೇಗೆ…”

ಮಾವ ನೆಲ ನೋಡಿದರು. “ನಿಮ್ಮತ್ತೆ ಟೊಪ್ಪಿ ಇತ್ತಲ್ಲ. ಅದರ ನೆತ್ತಿಗೆ ಒಂದು ತೂತು ಮಾಡಿ ಲೆನ್ಸಿಗೆ ತೊಡಿಸ್ತಿದ್ದೆ. ಎಲಾಸ್ಟಿಕ್ಕು ಬುಡಕ್ಕೆ ಗಟ್ಟಿಯಾಗಿ ಕೂರ್ತಿತ್ತು. ಮೆಟ್ಟಿಲ ಹತ್ರ ಹೋದ್ಮೇಲೆ ಹಾಕೋದು, ಬರೋವಾಗ ತೆಗೆದು ಜೇಬಿಗೆ. ಮೊನ್ನೆ ಗಾಳಿ ಕಿತ್ಕೊಂಡ್ಹೋಯ್ತು. ಹಿಡಿಯೋಕೆ ಹೋದೆ, ಆಗ್ಲಿಲ್ಲ.” ಕೊನೆಯ ಮಾತಿಗೆ ಅವರ ದನಿ ಇಳಿದುಹೋಯಿತು. ಫೋಟೋಗಿಂತ ಅವರಿಗೆ ಆ ಟೊಪ್ಪಿಯದೇ ಸಂಕಟ ಎಂದು ನನಗೆ ಅರ್ಥವಾಯಿತು.

“ನಂಗೆ ಒಂದು ಮಾತು ಹೇಳಿದ್ರೆ ಲೆನ್ಸ್ ಬದಲಾಯಿಸ್ತಿದ್ದೆನಲ್ಲ ಮಾವ!”

“ಮಳೆಗೆ ಹೆದರಲ್ಲ ಅಂತ ನೀನು ಹೇಳಿದ್ದೆ. ಅಷ್ಟು ಖುಷಿಯಿಂದ ಹೇಳಿದ್ದೆ. ಸುಳ್ಳಾಗೋದು ಬೇಡ ಅಂತ.”

ನಾನು ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ. ಮೊಳೆ ಖಾಲಿಯಾಗಿ ಅಲ್ಲೇ ಇತ್ತು. ಆಮೇಲೆ ಹೊರಗೆ ಬಂದು, ಎರಡು ದಿನ ಮಾತು ಬಿಟ್ಟದ್ದಕ್ಕೆ ಮೂರು ವರ್ಷ ತಡವಾಗಿ ಗಂಡನ ಕ್ಷಮೆ ಕೇಳಿದೆ. ಅವನಿಗೆ ತಲೆಬುಡ ಅರ್ಥವಾಗಲಿಲ್ಲ.

ಮರುದಿನ, ಆಫೀಸಿನವರು ಮಾವನಿಗೆ ಹಿಂದಿರುಗಿಸಿದ್ದ ಆ ಕಾರ್ಡಿನ ಫೋಟೋಗಳನ್ನು ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದೆ. ಆ ಕ್ಯಾಮೆರಾದ ಒಂದು ಗುಣ ನನಗೆ ಆಗ ನೆನಪಾಯಿತು. ಪರದೆಗೆ ತೋರಿಸುವುದಕ್ಕಿಂತ ಎಷ್ಟೋ ಹೆಚ್ಚನ್ನು ಅದು ತನ್ನೊಳಗೆ ಇಟ್ಟುಕೊಳ್ಳುತ್ತದೆ. ಮಾಮೂಲಿ ಫೋಟೋದ ಜೊತೆಗೆ ರಾ ಫೈಲ್ ಎಂದು ಇನ್ನೊಂದು ಪ್ರತಿ, ಏನನ್ನೂ ಬಿಸಾಡದೆ ಕಂಡದ್ದನ್ನೆಲ್ಲ ಹಾಗೇ ತುಂಬಿಟ್ಟದ್ದು. ಮೊದಲು ನಾನೇ ಹಾಗೆ ಹೊಂದಿಸಿ ಕೊಟ್ಟಿದ್ದೆ. ಮಾವ ಆ ದಿನ ಹನ್ನೊಂದು ಫೋಟೋ ತೆಗೆದಿದ್ದರು. ಬೆಳಕು ಇಳಿಸುತ್ತ, ಕಪ್ಪು ಏರಿಸುತ್ತ ಒಂದೊಂದನ್ನೇ ನೋಡಿದೆ. ಮೊದಲ ಎಂಟರಲ್ಲೂ ಬರೀ ಹಾಲು. ಒಂಬತ್ತನೆಯದರಲ್ಲಿ ಎಡಗಡೆ ಮಂಜು ತುಸು ಸರಿದಿತ್ತು. ಕಪ್ಪು ಇನ್ನಷ್ಟು ಎಳೆದೆ. ಹೊಗೆಯೊಳಗಿಂದ ಒಂದು ಎಂಟು ಎದ್ದು ಬಂತು, ಅದರ ಕೆಳಗೆ ಹತ್ತು ಸೆಂಟಿಮೀಟರಿಗೊಂದರಂತೆ ಐದು ಗೆರೆ, ಆರನೆಯದನ್ನು ಚೂರು ಮುಳುಗಿಸಿದ ನೀರು. ನಾನು ಕುರ್ಚಿಯಿಂದ ಎದ್ದು ಕೂಗಿದ ರಭಸಕ್ಕೆ ಯಜಮಾನರು ಶಾಕ್ ಹೊಡೆಯಿತೆಂದು ಓಡಿಬಂದರು.

ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಮಾವನ ಜೊತೆ ಆಫೀಸಿಗೆ ಹೋದೆ. ಸಾವಿರದ ಇನ್ನೂರು ಹೆಜ್ಜೆ ಹೌದೋ ಅಲ್ಲವೋ ಎಣಿಸುವ ತಾಳ್ಮೆ ನನಗಿರಲಿಲ್ಲ. ಇಂಜಿನಿಯರು ಚಿಕ್ಕ ವಯಸ್ಸಿನವರು, ಕೆಟ್ಟವರೇನಲ್ಲ. ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಏಳು ನಲವತ್ತರ ಮೇಲೇ ಇದೆ. ಕ್ಷಮಿಸಿ, ಯಂತ್ರಾನೇ ಬಿಚ್ಚಿ ನೋಡಿಸ್ಬೇಕು” ಎಂದು ಹೇಳಿ ಕೆಂಪು ಪದದ ಮೇಲೆ ಗೆರೆ ಎಳೆದು ಸಹಿ ಹಾಕಿದರು. ನನಗೆ ಅಲ್ಲೇ ಕುಣಿಯುವಂತಾಯಿತು.

ಆದರೆ ಅವರು ಕ್ಯಾಮೆರಾ ಕೈಗೆತ್ತಿಕೊಂಡು ಲೆನ್ಸ್ ತಿರುಗಿಸಿ ನೋಡಿದರು. ತಿಳಿದ ಮನುಷ್ಯ. “ಫೋಟೋ ಯಾಕೆ ಹೀಗಾಯ್ತು ಅಂತ ಷರಾ ಬರೀಬೇಕಲ್ಲ. ಇದು ಮಳೆಗೆ ಆಗೋ ಲೆನ್ಸೇ ಅಲ್ಲ. ಯಾರು ನಿಮಗೆ ಇದನ್ನ ಕೊಟ್ಟಿದ್ದು? ಯಾವ ಅಂಗಡಿ?”

ನಾನು ಬಾಯಿ ತೆರೆದೆ.

“ಲೆನ್ಸಿಂದು ಏನೂ ಇಲ್ಲ ಸಾರ್” ಎಂದರು ಮಾವ. “ಗಾಜು ಒರೆಸೋದು ಮರೆತೆ. ವಯಸ್ಸಾಯ್ತಲ್ಲ.” ನನ್ನ ಕಡೆ ತಿರುಗಿ, “ಅಮ್ಮಾ, ಆ ಪೆನ್ನು ಕೊಡು” ಎಂದರು. ಆ ದನಿಯಲ್ಲಿ ಅವರು ನನ್ನೊಂದಿಗೆ ಎಂದೂ ಮಾತಾಡಿರಲಿಲ್ಲ. ಪೆನ್ನು ಕೊಟ್ಟೆ.

ಹೊರಗೆ ಬಂದ ಮೇಲೆ ಆಫೀಸಿನ ಮೆಟ್ಟಿಲ ಮೇಲೇ ಜಗಳಕ್ಕೆ ನಿಂತೆ. “ನೀವು ಯಾವತ್ತು ಒರೆಸೋದು ಮರೆತಿದೀರಿ? ಯಾಕೆ ಹಾಗೆ ಬರೆದ್ರಿ? ನನ್ನ ತಪ್ಪು ನಂದೇ ಅಂತ ಹೇಳೋಕೆ ನಂಗೆ ಬಾಯಿಲ್ವಾ?”

ಮಾವ ಕ್ಯಾಮೆರಾದ ಪಟ್ಟಿಯನ್ನು ಕತ್ತಿಗೆ ಸರಿಮಾಡಿಕೊಂಡರು. “ನಂದಿನ್ನು ಏಳೇ ದಿನದ ಕೆಲಸ. ನೀನಿನ್ನೂ ಆ ಅಂಗಡೀಲಿ ಕೂರ್ಬೇಕು. ನಿನ್ನ ಮಾತು ನಂಬಿ ಜನ ಬರ್ಬೇಕು” ಎಂದು ಹೇಳಿ, ಮನೆಯ ಕಡೆ ನಡೆದರು.

ಈಗ ಅಂಥ ಕ್ಯಾಮೆರಾ ಕೇಳಿಕೊಂಡು ಯಾರೇ ಬಂದರೂ ಮೊದಲು ಕೊರತೆಯನ್ನೇ ಹೇಳುತ್ತೇನೆ. ಒಡಲಿಗೆ ರಬ್ಬರ್ ಇದೆ, ಲೆನ್ಸಿಗೆ ಇಲ್ಲ, ಎರಡೂ ಬೇಕು. ವ್ಯಾಪಾರ ಕೆಡಿಸುತ್ತೀ ಎಂದು ಯಜಮಾನರು ಗೊಣಗುತ್ತಾರೆ. ಗೊಣಗಲಿ. ಮಾವನ ಪುಸ್ತಕಗಳು ಆಫೀಸಿನ ಕಪಾಟಿನಲ್ಲಿವೆ, ಒಮ್ಮೆ ಹೋಗಿ ನೋಡಿಬಂದೆ. ಮೂವತ್ತೊಂದು ವರ್ಷದ ಅಂಕೆಗಳ ನಡುವೆ ಮಾವ ಬರೆದ ಒಂದೇ ಒಂದು ಸುಳ್ಳು ಅಲ್ಲಿದೆ: ‘ಕ್ಯಾಮೆರಾ, ಲೆನ್ಸ್ ಎರಡೂ ಸರಿ ಇವೆ. ಗಾಜು ಒರೆಸಲು ನಾನು ಮರೆತೆ.’ ಅಕ್ಷರ ಎಂದಿನಂತೆ ದುಂಡಗಿದೆ.